ಒಣಗಿಸಿದ ಅಣಬೆಯ ಬಣ್ಣ ಪೂರ್ತಿ ಹೋಗಿದೆ, ಹರ್ಬೇರಿಯಂಗೆ (ಒಣಗಿಸಿದ ಗಿಡ, ಅಣಬೆ ಜೋಪಾನವಾಗಿ ಇಡೋ ಸಂಗ್ರಹಾಲಯ) ಕೊಟ್ರೆ ಪ್ರಯೋಜನ ಇದ್ಯಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಕೊಳೆತ ಮರದ ದಿಮ್ಮಿ ಮೇಲೆ ಒಳ್ಳೆ ಕಿತ್ತಳೆ ಬಣ್ಣದ ಅಣಬೆ ಸಿಕ್ಕಿತ್ತು, ಜೋಪಾನವಾಗಿ ಒಣಗಿಸಿದೆ, ಈಗ ನೋಡಿದ್ರೆ ಸುಕ್ಕುಗಟ್ಟಿ ಕಂದು ಚಕ್ಕೆ ಥರ ಆಗಿದೆ, ಗುರುತೇ ಸಿಗಲ್ಲ. ಇಂಥದ್ದನ್ನ ನೂರಾರು ವರ್ಷ ಇಟ್ಕೊಂಡು ಏನು ನೋಡ್ತಾರೆ?

ಉತ್ತರ 1: ಬಣ್ಣ ಹೋಗುತ್ತೆ, ಒಳಗಿನ ರಚನೆ ಹೋಗಲ್ಲ. ಕೊಡೆಯ ಕೆಳಗಿನ ಪದರದಿಂದ ಬ್ಲೇಡಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಕೊಯ್ದು ಒಂದು ಹನಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ, ಒಣಗಿ ಮುದುಡಿದ್ದ ಜೀವಕೋಶಗಳು ಮತ್ತೆ ಉಬ್ಬಿಕೊಳ್ತವೆ, ಬೀಜಕಣದ ಅಳತೆ, ಆಕಾರ ಎಲ್ಲಾ ಮೈಕ್ರೋಸ್ಕೋಪಲ್ಲಿ ಕಾಣುತ್ತೆ. ಮೊದಲ ಸಲ ನೋಡಿದಾಗ ನಂಗೆ ಮಾತೇ ಹೊರಡಲಿಲ್ಲ. ಲಂಡನ್ನಿನ ಕ್ಯೂ ಗಾರ್ಡನ್ಸ್ ಅನ್ನೋ ಸಸ್ಯೋದ್ಯಾನದಲ್ಲಿ ಹೀಗೆ ಒಣಗಿಸಿದ ಶಿಲೀಂಧ್ರಗಳ ಸ್ಯಾಂಪಲ್‌ಗಳೇ 12 ಲಕ್ಷಕ್ಕೂ ಜಾಸ್ತಿ ಇವೆ. ಒಂದು ಜಾತಿಗೆ ಹೆಸರಿಟ್ಟಾಗ ಆಧಾರವಾಗಿಟ್ಟುಕೊಂಡ ಸ್ಯಾಂಪಲ್‌ಗೆ ಟೈಪ್ ಅಂತಾರೆ, ಮುಂದೆ ಆ ಹೆಸರಿನ ಬಗ್ಗೆ ಅನುಮಾನ ಬಂದ್ರೆ ಅದನ್ನೇ ತೆಗೆದು ನೋಡ್ಬೇಕು, ಫೋಟೋ ಎಷ್ಟೇ ಚೆನ್ನಾಗಿದ್ರೂ ಅದನ್ನ ಕೊಯ್ದು ನೋಡೋಕಾಗಲ್ವಲ್ಲ.

ಉತ್ತರ 2: ಡಿಎನ್‌ಎ ಕೂಡ ಸಿಗುತ್ತೆ, ತುಂಡು ತುಂಡಾಗಿರುತ್ತೆ ಅಷ್ಟೆ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಲಕ್ಷಾಂತರ ಜನ ಸತ್ತರಲ್ಲ, ಆ ಕಾಲದ ರೋಗ ಹತ್ತಿದ ಎಲೆಗಳನ್ನ ಒಣಗಿಸಿ ಇಟ್ಟಿದ್ರು. ಅದ್ರಿಂದ ಡಿಎನ್‌ಎ ತೆಗೆದು 2013ರಲ್ಲಿ ನೋಡಿದ್ರೆ, ರೋಗಾಣುವಿನ ತಳಿ ಎಲ್ಲರೂ ಅಂದುಕೊಂಡಿದ್ದೇ ಬೇರೆ, ಅಲ್ಲಿದ್ದಿದ್ದೇ ಬೇರೆ. (ಆ ರೋಗ ತಂದ ಫೈಟಾಫ್ತೊರಾ ಅನ್ನೋ ಜೀವಿ ನಿಜವಾದ ಶಿಲೀಂಧ್ರ ಅಲ್ಲ, ಆದ್ರೂ ಮೊದಲಿಂದ ಶಿಲೀಂಧ್ರಗಳ ಜೊತೆಗೇ ಇಡ್ತಾ ಬಂದಿದ್ದಾರೆ.) ಎಲೆ ಒಣಗಿಸಿದವರಿಗೆ ಡಿಎನ್‌ಎ ಅನ್ನೋ ಪದವೇ ಗೊತ್ತಿರಲಿಲ್ಲ!

ಉತ್ತರ 3: ಕೊಡೋ ಮುಂಚೆ ಚೀಟಿ ಬರೀರಿ ದಯವಿಟ್ಟು. ಎಲ್ಲಿ, ಯಾವತ್ತು, ಯಾವ ಮರದ ಮೇಲೆ, ಹಸಿಯಾಗಿದ್ದಾಗ ಬಣ್ಣ ಏನು, ವಾಸನೆ ಹೇಗಿತ್ತು, ಮುರಿದಾಗ ಬಣ್ಣ ಬದಲಾಯ್ತಾ, ಇವು ಒಣಗಿದ ಮೇಲೆ ಯಾರಿಗೂ ಸಿಗಲ್ಲ. ಚೀಟಿ ಇಲ್ದೆ ಹೋದ್ರೆ ಅದು ಬರೀ ಒಣ ಚಕ್ಕೆ. ಇನ್ನೊಂದು, ಹುಳ. ನಾನು ಒಂದು ಪೊಟ್ಟಣ ಹಾಗೇ ಕಪಾಟಲ್ಲಿಟ್ಟು ಮರೆತಿದ್ದೆ, ತೆಗೆದಾಗ ಒಳಗೆ ಪುಡಿ, ಸಣ್ಣ ಸಣ್ಣ ಜೀರುಂಡೆ, ಮತ್ತೆ ನನ್ನ ಚೀಟಿ. ಇವತ್ತಿಗೂ ಹೊಟ್ಟೆ ಉರಿಯುತ್ತೆ. ಗಾಳಿ ಆಡದ ಕವರಲ್ಲಿ ಹಾಕಿ ಡೀಪ್ ಫ್ರೀಜರಲ್ಲಿ ಒಂದೆರಡು ವಾರ ಇಟ್ಟು ಆಮೇಲೆ ಕೊಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಕಿತ್ತ ದಿನದ ಫೋಟೋ ಇದೆ, ತಾರೀಖೂ ಸಿಕ್ತು, ಮರ ಯಾವುದು ಅಂತ ಮಾತ್ರ ನೋಡಿಕೊಂಡಿರಲಿಲ್ಲ. ದಿಮ್ಮಿ ಇನ್ನೂ ಅಲ್ಲೇ ಇದೆ, ನಾಳೆ ಬೆಳಿಗ್ಗೆನೇ ಹೋಗಿ ತೊಗಟೆ ನೋಡ್ಕೊಂಡು ಬರ್ತೀನಿ.