ಹಳೆಯ ಫೆರಾರಿ ಎಫ್355 ಕೊಳ್ಳಬಹುದೇ? ಎಂಜಿನ್ ತೊಂದರೆಗಳು ಮತ್ತು ದುರಸ್ತಿಯ ಖರ್ಚು

ಮಲೆನಾಡಿಗ (ಸ್ಯಾನ್ ಹೋಸೆ)

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದಂದಿನಿಂದ ನನ್ನ ಮನಸ್ಸಿನಲ್ಲಿರುವುದು ಒಂದೇ ಕಾರು, ಫೆರಾರಿ ಎಫ್355. ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ 1997ರ ಬರ್ಲಿನೆಟ್ಟಾ (ಗಟ್ಟಿ ಛಾವಣಿಯ ಮಾದರಿ) ಈಗ ಮಾರಾಟಕ್ಕಿದೆ. ಆರು ಗೇರಿನ ಮ್ಯಾನ್ಯುವಲ್ ಕಾರು, ಓಡಿರುವುದು 21,000 ಮೈಲಿ ಮಾತ್ರ, ಬಣ್ಣವೂ ಸೀಟಿನ ಚರ್ಮವೂ ಹೊಸದರಂತಿವೆ. ಆದರೆ ಎಂಜಿನ್ನಿನ ವಾಲ್ವುಗಳನ್ನು (ಗಾಳಿ, ಹೊಗೆ ಹಾದುಹೋಗುವ ಕವಾಟಗಳು) ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಕೊನೆಯ ಸಲ ಬದಲಾದದ್ದು 2017ರಲ್ಲಿ. ಆಮೇಲಿನ ರಸೀದಿಗಳೆಲ್ಲ ಆಯಿಲ್ ಮತ್ತು ಬ್ಯಾಟರಿಗೆ ಸಂಬಂಧಿಸಿದವು. ತಣ್ಣಗಿದ್ದ ಎಂಜಿನ್ನನ್ನು ಸ್ಟಾರ್ಟ್ ಮಾಡಿದಾಗ ಎಡಬದಿಯ ಕೊಳವೆಗಳಿಂದ ತುಸು ನೀಲಿ ಹೊಗೆ ಬಂದು ಅರ್ಧ ನಿಮಿಷದಲ್ಲಿ ನಿಂತಿತು. ಈ ಕಾರುಗಳಲ್ಲಿ ಅದು ಸಹಜ ಎಂದು ಮಾರುವವರು ಹೇಳಿದರು. ಕೊಂಡ ಮೇಲೆ ದುರಸ್ತಿಗೆಂದು 15,000 ಡಾಲರ್ ಎತ್ತಿಟ್ಟಿದ್ದೇನೆ. ಅದು ಸಾಕಾಗುತ್ತದೆಯೇ, ಅಥವಾ ಈ ಕಾರನ್ನು ಬಿಟ್ಟುಬಿಡಬೇಕೇ?

ತುಂಗಾತೀರ (ಲಾಸ್ ಏಂಜಲೀಸ್)

ನನ್ನ ಬಳಿ ಎಂಟು ವರ್ಷಗಳಿಂದ 1995ರ ಜಿಟಿಎಸ್ (ಛಾವಣಿ ತೆಗೆಯಬಹುದಾದ ಎಫ್355) ಇದೆ. ಮೊದಲು ಬೆಲ್ಟಿನ ವಿಷಯ ಹೇಳುತ್ತೇನೆ. ಬೆಲ್ಟು ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಎಷ್ಟು ಕಡಿಮೆ ಓಡಿಸಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಆದ್ದರಿಂದ ಮೂರರಿಂದ ಐದು ವರ್ಷಗಳೊಳಗೆ ಬದಲಾಯಿಸುವುದು ಒಡೆಯರಲ್ಲಿ ರೂಢಿ. ನೀವು ನೋಡಿದ ಕಾರು ಆ ಅವಧಿಯನ್ನು ಎಂದೋ ದಾಟಿದೆ. ಬೆಲ್ಟಿಗೆ ಕೈ ತಲುಪಬೇಕಾದರೆ ಎಂಜಿನ್, ಗೇರ್‌ಬಾಕ್ಸ್ ಮತ್ತು ಅವುಗಳನ್ನು ಹೊತ್ತ ಹಿಂಬದಿಯ ಚೌಕಟ್ಟನ್ನು (ಸಬ್‌ಫ್ರೇಮ್) ಒಟ್ಟಾಗಿ ಕೆಳಗಿಳಿಸಬೇಕಾಗುತ್ತದೆ, ಹೀಗಾಗಿ ಖರ್ಚಿನ ಬಹುಪಾಲು ಬಿಡಿಭಾಗದ್ದಲ್ಲ, ಕೂಲಿಯದು. ಇದರ ನಂತರ ಬಂದ 360 ಮೊಡೆನಾದಲ್ಲಿ ಸೀಟಿನ ಹಿಂದಿನ ಮುಚ್ಚಳ ತೆಗೆದು ಇದೇ ಕೆಲಸವನ್ನು ಮಾಡಬಹುದು. ಈ ಕಾರಿಗೆ ಆ ಭಾಗ್ಯವಿಲ್ಲ.

2021ರಲ್ಲಿ ನಾನು ಒಂದು ಸ್ವತಂತ್ರ ಗ್ಯಾರೇಜಿನಲ್ಲಿ ಈ ಕೆಲಸಕ್ಕೆ 9,400 ಡಾಲರ್ ಕೊಟ್ಟೆ. ಬೆಲ್ಟು, ಟೆನ್ಷನರ್ ಬೇರಿಂಗು, ಕ್ಯಾಮ್ ಸೀಲು, ಕೂಲಂಟ್ ಮತ್ತು ಪೆಟ್ರೋಲಿನ ಹಳೆಯ ಹೋಸುಗಳು ಎಲ್ಲವೂ ಅದರಲ್ಲಿ ಸೇರಿದ್ದವು. ಎಂಜಿನ್ ಕೆಳಗಿಳಿದಾಗ ಹೋಸುಗಳನ್ನು ಬದಲಾಯಿಸದೆ ಹಣ ಉಳಿಸಲು ಹೋಗಬೇಡಿ. ಪೆಟ್ರೋಲ್ ಹೋಸು ಬಿರುಕುಬಿಟ್ಟು ಬಿಸಿ ಎಂಜಿನ್ ಮೇಲೆ ಸೋರಿದರೆ ಇಡೀ ಕಾರಿಗೇ ಬೆಂಕಿ ಬೀಳಬಹುದು.

ವಾಲ್ವ್‌ವೈದ್ಯ (ಹ್ಯೂಸ್ಟನ್)

ನಾನು ಇಟಾಲಿಯನ್ ಕಾರುಗಳ ದುರಸ್ತಿಯಲ್ಲೇ ಹದಿನಾರು ವರ್ಷ ಕಳೆದವನು. ಬೆಲ್ಟಿನ ಖರ್ಚು ಮೊದಲೇ ಗೊತ್ತಿರುವಂಥದ್ದು. ನನಗೆ ಆತಂಕವಾಗಿರುವುದು ನೀವು ಕಂಡ ಆ ನೀಲಿ ಹೊಗೆಯಿಂದ. ಅದು ಸಹಜವೆಂಬ ಮಾತನ್ನು ದಯವಿಟ್ಟು ಒಪ್ಪಬೇಡಿ.

ಈ 3.5 ಲೀಟರ್ ವಿ8ರಲ್ಲಿ ಪ್ರತಿ ಸಿಲಿಂಡರಿಗೆ ಐದರಂತೆ ಒಟ್ಟು 40 ವಾಲ್ವುಗಳಿವೆ, 8,500 ಆರ್‌ಪಿಎಂವರೆಗೂ ತಿರುಗುವ ಎಂಜಿನ್ ಇದು. ಹಲವು ಕಾರುಗಳಲ್ಲಿ ವಾಲ್ವ್ ಗೈಡುಗಳನ್ನು, ಅಂದರೆ ವಾಲ್ವಿನ ಕಡ್ಡಿ ನೇರವಾಗಿ ಜಾರುವಂತೆ ಹಿಡಿದಿಡುವ ಕೊಳವೆಗಳನ್ನು, ಮೆದುವಾದ ಕಂಚಿನ ಮಿಶ್ರಲೋಹದಿಂದ ಮಾಡಿದ್ದರು; ಕೊನೆಯ ವರ್ಷಗಳ ಕಾರುಗಳಲ್ಲಷ್ಟೇ ಗಟ್ಟಿ ಲೋಹದವು ಬಂದವು. ಗೈಡು ಸವೆದರೆ ವಾಲ್ವು ಅಲುಗಾಡಿ ಸರಿಯಾಗಿ ಕೂರುವುದಿಲ್ಲ, ಕಾರು ನಿಂತಿದ್ದಾಗ ಆ ಸಂದಿಯಿಂದ ಎಣ್ಣೆ ಜಿನುಗುತ್ತದೆ, ಮತ್ತೆ ಸ್ಟಾರ್ಟ್ ಮಾಡಿದಾಗ ಅದೇ ಹೊಗೆಯಾಗಿ ಹೊರಬರುತ್ತದೆ.

ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ರೋಗವಿದೆ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೊಳವೆಗಳು ತೆಳುವಾದವು. ಕಾದು ತಣಿದು ಕ್ರಮೇಣ ಬಿರುಕುಬಿಡುತ್ತವೆ. ಬಿರುಕಿನಿಂದ ಹೊರಗಿನ ಗಾಳಿ ಒಳಸೇರಿದರೆ ಆಕ್ಸಿಜನ್ ಸೆನ್ಸರ್ ದಾರಿತಪ್ಪುತ್ತದೆ, ಪೆಟ್ರೋಲ್ ಸಾಲದೆಂದು ತಿಳಿದ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾಯುತ್ತದೆ. ಮ್ಯಾನಿಫೋಲ್ಡಿನ ಸುತ್ತ ಶಾಖತಡೆಯ ಹೊದಿಕೆ ಇರುವುದರಿಂದ ಬಿರುಕು ಕಣ್ಣಿಗೆ ಕಾಣುವುದಿಲ್ಲ. ತಣ್ಣನೆಯ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಿ ಟಿಕ್ ಟಿಕ್ ಎಂಬ ಸದ್ದು ಕೇಳಿಸಿ, ಕಾದ ಮೇಲೆ ಲೋಹ ಹಿಗ್ಗಿ ಅದು ಅಡಗಿದರೆ ಅನುಮಾನಪಡಿ.

ಎಲ್ಲ ಎಂಟು ಸಿಲಿಂಡರುಗಳಿಗೂ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿಗೆ ಒತ್ತಡದ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವುದು) ಮಾಡಿಸಿ. ಸೋರಿಕೆ ಶೇಕಡಾ 10ರೊಳಗಿದ್ದರೆ ನಿಶ್ಚಿಂತೆ. ಒಂದೆರಡು ಸಿಲಿಂಡರುಗಳಲ್ಲಿ 20 ದಾಟಿ, ಎಕ್ಸಾಸ್ಟ್ ಕೊಳವೆಯಲ್ಲಿ ಗಾಳಿಯ ಸದ್ದು ಕೇಳಿಸಿದರೆ ತೊಂದರೆ ವಾಲ್ವಿನದು. ಆಯಿಲ್ ತುಂಬುವ ಬಾಯಿಯಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗಿನದು. ಹೆಚ್ಚು ದಿನ ನಿಂತ ಕಾರಿನಲ್ಲಿ ವಾಲ್ವಿಗೆ ಇಂಗಾಲ ಕಟ್ಟಿಕೊಂಡು ಸುಳ್ಳು ಅಂಕಿ ಬರುವುದುಂಟು, ಆಗ ಜೋರಾಗಿ ಓಡಿಸಿ ಮತ್ತೆ ಅಳೆಯಬೇಕು. ಆದರೆ ಬೆಲ್ಟಿನ ಕೆಲಸವಾಗದೆ ಈ ಕಾರನ್ನು ಹಾಗೆ ಓಡಿಸಲಾಗದು, ಆದ್ದರಿಂದ ಕೆಟ್ಟ ಅಂಕಿ ಬಂದರೆ ಕೆಟ್ಟದ್ದೆಂದೇ ಲೆಕ್ಕ ಹಿಡಿಯಿರಿ. ಗೈಡುಗಳನ್ನು ಬದಲಾಯಿಸುವುದೆಂದರೆ ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗವನ್ನು (ಸಿಲಿಂಡರ್ ಹೆಡ್) ಬಿಚ್ಚಿ ಮೆಷಿನ್ ಶಾಪಿಗೆ ಕಳಿಸಬೇಕು. ಬೆಲ್ಟಿನ ಕೆಲಸವೂ ಸೇರಿ ನಮ್ಮಲ್ಲಿ ಕಳೆದ ವರ್ಷದ ಬಿಲ್ಲು 22,000 ಡಾಲರ್ ಆಗಿತ್ತು. ನಿಮ್ಮ 15,000 ಬೆಲ್ಟಿಗೂ ಮ್ಯಾನಿಫೋಲ್ಡಿಗೂ ಸಾಕಾಗಬಹುದು, ಗೈಡುಗಳಿಗೆ ಸಾಲದು.

ತುಂಗಾತೀರ (ಲಾಸ್ ಏಂಜಲೀಸ್)

ಮೇಲಿನ ಉತ್ತರಕ್ಕೆ ಸ್ವಲ್ಪ ಸೇರಿಸುತ್ತೇನೆ. ಬಿರುಕುಬಿಟ್ಟ ಮ್ಯಾನಿಫೋಲ್ಡಿನ ಬದಲು ಬೇರೆ ತಯಾರಕರ ದಪ್ಪ ಸ್ಟೀಲಿನದನ್ನು ಹಾಕಿಸಿಕೊಂಡವರು ಬಹಳ. ಆದರೆ ಕ್ಯಾಲಿಫೋರ್ನಿಯಾದಲ್ಲಿ 1976ರ ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಇದೆ, ರಾಜ್ಯದ ಅನುಮೋದನೆಯಿಲ್ಲದ ಭಾಗ ಕಣ್ಣಿಗೆ ಬಿದ್ದರೆ ಕಾರು ಅನುತ್ತೀರ್ಣವಾಗುತ್ತದೆ. ಆದ್ದರಿಂದ ಈ ಕಾರಿನಲ್ಲಿರುವುದು ಮೂಲ ಮ್ಯಾನಿಫೋಲ್ಡೇ ಎಂದು ನೋಡಿಕೊಳ್ಳಿ. ಅಂಟಂಟಾದ ಸ್ವಿಚ್ಚುಗಳು, ಡ್ಯಾಶ್‌ಬೋರ್ಡಿನಲ್ಲಿ ಕುಗ್ಗಿದ ಚರ್ಮ, ಡ್ಯಾಂಪರಿನ (ಶಾಕ್ ಅಬ್ಸಾರ್ಬರ್) ಎಲೆಕ್ಟ್ರಾನಿಕ್ ದೋಷ ಇವೆಲ್ಲ ನೂರರ, ಸಾವಿರದ ಲೆಕ್ಕದ ಮಾತು. ಬೆಲೆಯ ಚೌಕಾಸಿಗೆ ಬಳಸಿಕೊಳ್ಳಿ, ಅವುಗಳಿಂದ ಹೆದರಬೇಡಿ.

ಮಲೆನಾಡಿಗ (ಸ್ಯಾನ್ ಹೋಸೆ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಲೀಕ್‌ಡೌನ್ ಪರೀಕ್ಷೆಗೆ ಮಾರುವವರು ಒಪ್ಪಿದ್ದಾರೆ, ಖರ್ಚು ನನ್ನದು. ನೀಲಿ ಹೊಗೆಗೆ ಗೈಡುಗಳೇ ಕಾರಣವೆಂದು ತಿಳಿದುಬಂದರೆ ಎಷ್ಟು ಬೆಲೆ ಇಳಿಸುವಂತೆ ಕೇಳುವುದು ನ್ಯಾಯ?

ವಾಲ್ವ್‌ವೈದ್ಯ (ಹ್ಯೂಸ್ಟನ್)

ಪೂರ್ತಿ ದುರಸ್ತಿಯ ಅಂದಾಜನ್ನು ಗ್ಯಾರೇಜಿನಿಂದ ಬರೆಸಿಕೊಂಡು, ಬೆಲ್ಟಿನ ಮೊತ್ತ ಕಳೆದು ಉಳಿದಷ್ಟನ್ನೂ ಕೇಳಿ. ಬೆಲ್ಟಿನ ಮೊತ್ತವನ್ನು ನೀವು ಹೊರಬಹುದು, ಅದು ಈ ಕಾರು ಯಾರ ಬಳಿ ಇದ್ದರೂ ತಪ್ಪದ ಖರ್ಚು. ಗೈಡುಗಳ ಮೊತ್ತ ಮಾತ್ರ ಮಾರುವವರದು. ಅದಕ್ಕೆ ಅವರು ಒಪ್ಪದಿದ್ದರೆ, ಇದೇ ಬೆಲೆಗೆ 40,000 ಮೈಲಿ ಓಡಿದ್ದರೂ ಹೆಡ್ಡಿನ ಕೆಲಸ ಮುಗಿದು ರಸೀದಿಗಳಿರುವ ಕಾರನ್ನು ಹುಡುಕಿ. ಪರೀಕ್ಷೆಯ ದಿನದವರೆಗೂ ಈ ಎಂಜಿನ್ನನ್ನು ಯಾರೂ ಜೋರಾಗಿ ತಿರುಗಿಸದಂತೆ ಮಾರುವವರಿಗೆ ಹೇಳಿಬಿಡಿ, ಆ ಬೆಲ್ಟು 2017ರದು.