ಸೂಜಿ ಬಯಾಪ್ಸಿ ಬದಲಿ ರಕ್ತ ಕೊಟ್ರ ನಡೀತದೇನ್ರಿ? ಸಂಶೋಧನೆ ಪತ್ರಕ್ಕ ಸಹಿ ಹಾಕಬೇಕಾ?

ಸೇಡಂ_ಹುಡುಗ:
ನಮ್ಮ ಕಾಕಾಗ ಶ್ವಾಸಕೋಶದ ಕ್ಯಾನ್ಸರ್. ಇಜಿಎಫ್‌ಆರ್ ಜೀನ್‌ದಾಗ ಬದಲಾವಣೆ ಅದ ಅಂತ ಜೆಫಿಟಿನಿಬ್ ಗುಳಿಗಿ ಕೊಟ್ಟಿದ್ರು. ವರ್ಷದ ಮ್ಯಾಲ ಛಲೋ ಇದ್ರು, ತೊಗರಿ ರಾಶಿಗೂ ಹೊಲದಾಗ ನಿಂತಿದ್ರು. ಈಗ ಮತ್ತ ಕೆಮ್ಮು, ಸ್ಕ್ಯಾನ್‌ದಾಗ ಗಡ್ಡಿ ದೊಡ್ಡದಾಗ್ಯಾದ. ಹೈದರಾಬಾದಿನ ಡಾಕ್ಟರು "ಸೂಜಿ ಚುಚ್ಚಿ ಗಡ್ಡಿಯ ಚೂರು ತೆಗಿಯೋ ಬದಲಿ ಮೊದಲ ಲಿಕ್ವಿಡ್ ಬಯಾಪ್ಸಿ, ಅಂದ್ರ ರಕ್ತಪರೀಕ್ಷೆ ನೋಡೋಣ, ಕಲಬುರಗಿಯಾಗೇ ರಕ್ತ ತೆಗೆಸಿ ಕಳಸ್ರಿ" ಅಂದಾರ. ಜೋಡಿಗೆ ಒಂದು ಒಪ್ಪಿಗೆ ಪತ್ರ, ಉಳಿದ ರಕ್ತ ಸಂಶೋಧನೆಗೆ ಇಟ್ಕೋತಾರಂತ. "ಯಾರಿಗರ ಮಾರ್ತಾರ, ಸಹಿ ಹಾಕಬ್ಯಾಡ" ಅಂತ ಕಾಕಿ ಹಟ ಹಿಡಿದು ಕುಂತಾಳ. ತಿಳದವರು ಹೇಳ್ರಿ.

ಶಹಾಪುರ_ಸ್ವಾಮಿ:
ರಕ್ತಾನೇ ಕೊಡ್ರಿ. ಸೂಜಿ ಚುಚ್ಚಿದ್ರ ಮೈತುಂಬ ಹರಡ್ತದ. ಈಗ ರಕ್ತದಾಗೇ ಎಲ್ಲಾ ಗೊತ್ತಾಗ್ತದ.

ಲ್ಯಾಬ್_ಅಕ್ಕ (ಕಲಬುರಗಿ):
ಸ್ವಾಮಿಯವರ, ಹಂಗ ಹೇಳಿ ಮಂದೀನ ಹೆದರಿಸಬ್ಯಾಡ್ರಿ. ಸೂಜಿ ದಾರ್ಯಾಗ ಕ್ಯಾನ್ಸರ್ ಹರಡೋದು ಭಾಳ ಅಪರೂಪ. ಬಯಾಪ್ಸಿ ಬ್ಯಾಡ ಅಂತ ತಿಂಗಳಗಟ್ಟಲೆ ಕುಂತು, ರೋಗ ಬೆಳೆಸಿಕೊಂಡು ಬರೋರನ್ನ ನಾವು ನೋಡ್ಲತ್ತೀವಿ.

ತಮ್ಮಾ, ನಿಮ್ಮ ಕಾಕಾರ ವಿಷಯದಾಗ ಡಾಕ್ಟರು ಹುಡುಕೋದು ಬಹುಶಃ ಟಿ790ಎಂ ಅನ್ನೋ ಹೊಸ ಬದಲಾವಣೆ. ಜೆಫಿಟಿನಿಬ್ ತಗೊಂಡು ರೋಗ ಮತ್ತ ಬೆಳೆದವರೊಳಗ ಸುಮಾರು ಅರ್ಧ ಮಂದಿಗೆ ಅದು ಬಂದಿರ್ತದ. ಅದು ಇದ್ರ ಒಸಿಮೆರ್ಟಿನಿಬ್ ಅನ್ನೋ ಗುಳಿಗಿ ಕೆಲಸ ಮಾಡ್ತದ. ಗಡ್ಡಿಯ ಜೀವಕೋಶ ಸತ್ತಾಗ ಅದರ ಡಿಎನ್‌ಎ ಚೂರು ರಕ್ತಕ್ಕ ಬೀಳ್ತಾವ, ಅವನ್ನ ಹಿಡಿದು ಓದೋದೇ ಈ ಪರೀಕ್ಷೆ. ಅಮೆರಿಕದಾಗ 2016ರಾಗೇ ಇಜಿಎಫ್‌ಆರ್‌ಗೆ ರಕ್ತಪರೀಕ್ಷೆ ಮಂಜೂರಾಗ್ಯಾದ.

ಆದ್ರ "ಸಿಕ್ತು" ಅಂತ ಬಂದ್ರ ನಂಬಬಹುದು, "ಸಿಗಲಿಲ್ಲ" ಅಂತ ಬಂದ್ರ ಅಲ್ಲಿಗೇ ಬಿಡಂಗಿಲ್ಲ. ಟಿ790ಎಂ ಇದ್ದ ಹತ್ತು ಮಂದಿಯೊಳಗ ಸುಮಾರು ಮೂರು ಮಂದೀದು ರಕ್ತದಾಗ ಕಾಣ್ಸಂಗಿಲ್ಲ. ಹಂಗಾದ್ರ ಸೂಜಿ ಬಯಾಪ್ಸಿ ಆಗಲೇಬೇಕು, ಮನ್ಯಾಗ ಈಗೇ ಹೇಳಿ ಇಡ್ರಿ.

ಸೇಡಂ_ಹುಡುಗ:
ಅಕ್ಕಾ, ರಕ್ತ ಇಲ್ಲೇ ಯಾವುದರ ಲ್ಯಾಬಿನಾಗ ತೆಗೆಸಿ ಬಸ್ಸಿಗೆ ಹಾಕಿದ್ರ ನಡೀತದಾ?

ಲ್ಯಾಬ್_ಅಕ್ಕ:
ಇಲ್ಲೇ ಎಡವೋದು ನೋಡ್ರಿ. ಒಂದು ಸಲ ಒಬ್ಬರು ಮಾಮೂಲಿ ನೇರಳೆ ಮುಚ್ಚಳದ ಟ್ಯೂಬಿನಾಗ ತೆಗೆಸಿ, ಬರ್ಫದಾಗ ಹುಗಿದು, ಮರುದಿನ ತಂದ್ರು. ಸೆಂಟ್ರಿಫ್ಯೂಜ್ ಮಷಿನ್‌ದಾಗ ತಿರುಗಿಸಿದ್ರ ಎಳೆ ಹಳದಿ ಇರಬೇಕಾದ ಪ್ಲಾಸ್ಮಾ (ರಕ್ತದ ನೀರಿನ ಭಾಗ) ದಾಳಿಂಬರಿ ರಸದಂಗ ಕೆಂಪಗಿತ್ತು. ಕೋಶ ಒಡದ್ರ ಬಿಳಿ ರಕ್ತಕಣದ ಡಿಎನ್‌ಎ ಎಲ್ಲಾ ಹೊರಗ ಬರ್ತದ. ಗಡ್ಡಿಯ ಪಾಲು ಎಷ್ಟೋ ಸಲ ನೂರಕ್ಕ ಒಂದಕ್ಕಿಂತ ಕಡಿಮಿ, ಅದು ಆ ಗದ್ದಲದಾಗ ಮುಳುಗಿ ಹೋಗ್ತದ.

ನೇರಳೆ ಟ್ಯೂಬ್ ಆದ್ರ ಕೆಲವೇ ತಾಸಿನೊಳಗ ಪ್ಲಾಸ್ಮಾ ಬ್ಯಾರೆ ಮಾಡಬೇಕು. ದೂರ ಕಳಿಸೋದಕ್ಕ ಕೋಶ ಒಡೆಯದಂಗ ಔಷಧ ಹಾಕಿದ ಟ್ಯೂಬ್ ಬರ್ತದ, ನಾವು ಸ್ಟ್ರೆಕ್ ಟ್ಯೂಬ್ ಅಂತೀವಿ. ಪರೀಕ್ಷೆ ಮಾಡೋ ಲ್ಯಾಬಿನವರೇ ಕಿಟ್ ಕಳಸ್ತಾರ, ಕೇಳಿ ತರಿಸ್ರಿ. ತುಂಬಿದ ಕೂಡ್ಲೇ ಎಂಟು-ಹತ್ತು ಸಲ ಮೆಲ್ಲಗ ತಲೆಕೆಳಗ ಮಾಡಬೇಕು, ಅಲುಗಾಡಿಸಬಾರದು. ಫ್ರಿಜ್ಜು, ಬರ್ಫ ಎರಡೂ ಬ್ಯಾಡ. ಅದು ತಡಕೊಳ್ಳೋದು 37 ಡಿಗ್ರಿ ತನಕ. ನಮ್ಮ ಮೇ ತಿಂಗಳ ಬಿಸಲಾಗ ಬಸ್ಸಿನ ಡಿಕ್ಕಿ ಎಷ್ಟು ಕಾಯ್ತದ ನಿಮಗೇ ಗೊತ್ತದ. ಥರ್ಮಾಕೋಲ್ ಡಬ್ಬಿ ಇರಲಿ, ಕಳಸೋದು ರಾತ್ರಿ ಗಾಡಿಗೆ.

ಬೀದರ್_ಬಿದ್ರಿ:
ನಾನು ಸಂಶೋಧನೆ ಕಡೆಯವ, ಒಪ್ಪಿಗೆ ಪತ್ರದ ಬಗ್ಗೆ ಹೇಳ್ತೀನಿ. ಅಕ್ಕಾರು ಹೇಳಿದ ಟ್ಯೂಬಿನ ತಕರಾರು ಜಗತ್ತಿನ ತಕರಾರೂ ಹೌದು. ಒಂದು ಆಸ್ಪತ್ರೆ ಒಂದು ಥರ ರಕ್ತ ತೆಗೆದು, ಇನ್ನೊಂದು ಇನ್ನೊಂದು ಥರ ತೆಗೆದ್ರ, ಎರಡರ ಫಲಿತಾಂಶ ಕೂಡಿಸೋದು ಕಷ್ಟ. ಅದಕ್ಕ ಅಮೆರಿಕದಾಗ 2016ರಾಗ ಬ್ಲಡ್‌ಪ್ಯಾಕ್ ಅಂತ ಒಂದು ಒಕ್ಕೂಟ ಶುರು ಆತು. ಕಂಪನಿಗಳು, ಸಂಶೋಧಕರು, ಸರ್ಕಾರದವರು ಕೂಡಿ ಯಾವ ಟ್ಯೂಬು, ತೆಗೆದು ಎಷ್ಟು ತಾಸಾತು ಅನ್ನೋದನ್ನೂ ಬರೆದಿಡಬೇಕು ಅಂತ ಗೊತ್ತು ಮಾಡಿಕೊಂಡಾರ.

ಕೂಡಿ ಮಾಡಿದ್ರ ಏನಾಗ್ತದಂದ್ರ, ಆಸ್ಟ್ರೇಲಿಯಾದಾಗ 23 ಆಸ್ಪತ್ರೆ ಸೇರಿ ದೊಡ್ಡ ಕರುಳಿನ ಎರಡನೇ ಹಂತದ ಕ್ಯಾನ್ಸರಿನ 455 ರೋಗಿಗಳ ಮ್ಯಾಲ ಡೈನಾಮಿಕ್ ಅನ್ನೋ ಹೆಸರಿನ ಅಧ್ಯಯನ ಮಾಡಿದ್ರು, 2022ರಾಗ ಪ್ರಕಟ ಆತು. ಆಪರೇಷನ್ ಆದ ಮ್ಯಾಲ ರಕ್ತದಾಗ ಗಡ್ಡಿಯ ಡಿಎನ್‌ಎ ಅದನೋ ಇಲ್ಲೋ ನೋಡಿ ಕೀಮೋ ನಿರ್ಧರಿಸಿದವರೊಳಗ ಕೀಮೋ ತಗೊಂಡವರು 15%, ಹಳೆ ಪದ್ಧತಿಯೊಳಗ 28%. ಎರಡು ವರ್ಷಕ್ಕ ನೋಡಿದ್ರ ರೋಗ ಮರಳಲಾರದೆ ಇದ್ದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮಿ ಒಂದೇ. ಇಂಥಾದ್ದು ಒಂದೇ ದವಾಖಾನಿಯಿಂದ ಆಗೋ ಕೆಲಸ ಅಲ್ಲ.

ಕಾಕಿಯವರ ಅನುಮಾನ ಸುಮ್ಮನ ತಳ್ಳಿಹಾಕಬ್ಯಾಡ್ರಿ. ಪತ್ರದಾಗ ಮೂರು ಮಾತು ಹುಡುಕ್ರಿ: ಎಥಿಕ್ಸ್ ಕಮಿಟಿ (ಸಂಶೋಧನೆ ನ್ಯಾಯವಾಗಿ ಅದನೋ ಇಲ್ಲೋ ನೋಡೋ ಸಮಿತಿ) ಒಪ್ಪಿಗೆ, ಹೆಸರಿನ ಬದಲಿ ಕೋಡ್ ನಂಬರು, ಯಾವಾಗ ಬೇಕಾದ್ರೂ ಹಿಂದ ಸರಿಯೋ ಹಕ್ಕು. ಇಲ್ಲಂದ್ರ ಸಹಿ ಬ್ಯಾಡ. ಸಹಿ ಹಾಕದಿದ್ರೂ ಚಿಕಿತ್ಸೆ ನಿಲ್ಲಿಸೋ ಹಂಗಿಲ್ಲ.

ಸೇಡಂ_ಹುಡುಗ:
ಮೂರೂ ಅದಾವ್ರಿ. ಕಾಕಿಗೆ ಓದಿ ಹೇಳಿದೆ. "ನಿಮ್ಮ ಕಾಕಾನೇ ಸಹಿ ಮಾಡ್ಲಿ, ನೀ ಮಾಡಬ್ಯಾಡ" ಅಂದ್ಲು.

ಲ್ಯಾಬ್_ಅಕ್ಕ:
ಕಾಕಿ ಮಾತೇ ಖರೇ, ಸಹಿ ರೋಗೀದೇ ಇರಬೇಕು. ಮತ್ತ ರಕ್ತ ಶನಿವಾರ ತೆಗೆಸಬ್ಯಾಡ್ರಿ, ಐತವಾರ ಪಾರ್ಸಲ್ ಕೌಂಟರಿನಾಗೇ ಬಿದ್ದಿರ್ತದ.