ಹೆಸರಿಗಷ್ಟ ಡೈರೆಕ್ಟರ್ ಆಗಿದ್ದೆ, ಈಗ ಸಮನ್ಸ್ ಬಂದೈತಿ: ಅನುಭವ ಇದ್ದವರು ಹೇಳ್ರಿ

ಕೇಳಿದವರು, ಹುಬ್ಬಳ್ಳಿ:

ನಮ್ಮ ಮನೆಯವರ ಕಾಕಾ ಗೋಕುಲ ರೋಡಿನಾಗ ಗುಜರಿ ಕಬ್ಬಿಣದ ಪ್ರೈವೇಟ್ ಲಿಮಿಟೆಡ್ ಕಂಪನಿ ನಡಸ್ತಾರ. ಇಬ್ಬರು ಡೈರೆಕ್ಟರ್ ಇರಬೇಕಂತ 2021ರಾಗ ನನ್ನ ಹೆಸರು ಹಾಕಿದ್ರು. ಹೇಳಿದಲ್ಲಿ ಸಹಿ ಮಾಡೀನಿ, ಒಂದು ರೂಪಾಯಿ ಪಗಾರ ತಗೊಂಡಿಲ್ಲ. ಈಗ ಜಿಎಸ್‌ಟಿಯವರ ಸಮನ್ಸ್ ನನ್ನ ಹೆಸರಿಗೂ ಬಂದೈತಿ. 2022-23ರಾಗ ಮಾಲು ಇಲ್ಲದ ಬರೇ ಬಿಲ್ ತಗೊಂಡು 2.3 ಕೋಟಿ ಇನ್‌ಪುಟ್ ಕ್ರೆಡಿಟ್ (ಖರೀದಿ ಮ್ಯಾಲ ಕಟ್ಟಿದ ತೆರಿಗೆಯ ವಜಾ) ಎತ್ಯಾರಂತ. ಕಾಕಾ "ನೀ ಹೋಗಬ್ಯಾಡವಾ, ಒಬ್ಬಾಂವ ಸೆಟ್ಲ್ ಮಾಡಿಸಿ ಕೊಡ್ತಾನ" ಅಂತಾರ. ಸಣ್ಣ ಮಕ್ಕಳದಾವ, ರಾತ್ರಿ ನಿದ್ದಿ ಹತ್ತವಲ್ದು. ಏನ್ ಮಾಡ್ಲಿ?

ಕಬ್ಬಿಣದ ಅಂಗಡಿಯವರು, ಗದಗ-ಬೆಟಗೇರಿ:

ತಂಗಿ, ನಾನ ಬಿಲ್ ಕೊಂಡಾಂವ, ಅದಕ್ಕ ಹೇಳ್ತೀನಿ. 2018-19ರಾಗ ಒಬ್ಬ ಏಜೆಂಟ ಬಂದು, ನೂರಕ್ಕ ಮೂರು ರೂಪಾಯಿ ಕೊಟ್ರ ಪಕ್ಕಾ ಬಿಲ್ ಕೊಡಸ್ತೀನಿ, ಮಾಲು ಬ್ಯಾಡ ಅಂದ. ಆಸೆಗೆ ಬಿದ್ದು ತಗೊಂಡೆ, 14 ಲಕ್ಷ ತೆರಿಗೆ ಕಡಿಮಿ ಕಟ್ಟಿದೆ. ಮುಂದ ಆ ಬಿಲ್ ಕೊಟ್ಟ ಫರ್ಮಿನ ನೋಂದಣಿ ರದ್ದಾತು, ಅದರ ಎಳಿ ಹಿಡಕೊಂಡು ನನ್ನ ಅಂಗಡಿಗೆ ಬಂದ್ರು. ಲಾರಿ ರಸೀದಿ ಎಲ್ಲಿ, ತೂಕದ ಚೀಟಿ ಎಲ್ಲಿ, ಹಮಾಲಿ ಯಾರಿಗೆ ಕೊಟ್ಟಿ ಅಂತ ಕೇಳಿದ್ರು. ಒಂದಕ್ಕೂ ಉತ್ತರ ಇರಲಿಲ್ಲ. ಒಂಬತ್ತು ಟನ್ ಸರಳು ಬಂತಂತ ಇದ್ದ ಇ-ವೇ ಬಿಲ್ಲಿನ (ಮಾಲು ಸಾಗಸೂ ಆನ್‌ಲೈನ್ ಚೀಟಿ) ವಾಹನದ ನಂಬರು ನೋಡಿದ್ರ ಸ್ಕೂಟರಿಂದು.

ತೆರಿಗೆ ಕೇಳೂ ನೋಟೀಸ್ (ಸಮನ್ಸ್ ಬ್ಯಾರೆ) ಬರೂಕಿಂತ ಮೊದಲ ತೆರಿಗೆ, ಬಡ್ಡಿ ಕಟ್ಟಿಬಿಟ್ಟಿದ್ರ ದಂಡ ಶೇ. 15, ನನಗ 2.10 ಲಕ್ಷಕ್ಕ ಮುಗೀತಿತ್ತು. ನೋಟೀಸ್ ಬಂದು 30 ದಿನದೊಳಗ ಕಟ್ಟಿದ್ರ ಶೇ. 25, ಆದೇಶ ಆಗಿ 30 ದಿನದೊಳಗ ಶೇ. 50, ಅದೂ ದಾಟಿದ್ರ ತೆರಿಗೆ ಎಷ್ಟೋ ದಂಡಾನೂ ಅಷ್ಟ. ನಾ ಹಟ ಹಿಡದು ಆದೇಶದ ತನಕ ಎಳದೆ, 7 ಲಕ್ಷ ದಂಡ ಬಿತ್ತು. ಮ್ಯಾಲೆ ವರ್ಷಕ್ಕ ಶೇ. 18 ಬಡ್ಡಿ. ಎರಡು ಎಕರೆ ಹೊಲ ಮಾರಿದೆ. ನಮ್ಮವ್ವ ಆ ಹೊಲದಾಗ ಕಸ ತಗದು ನನ್ನ ಓದಿಸಿದ್ಲು. ನಿಮ್ಮ ಕಾಕಾಗ ಈ ಲೆಕ್ಕ ಹಾಕಿ ತೋರಸ್ರಿ: ಈಗ ಒಪ್ಪಿ ಕಟ್ಟಿದ್ರ 34.5 ಲಕ್ಷ ದಂಡ, ಕಡೀತನಕ ಎಳದ್ರ 2.3 ಕೋಟಿ.

ತೆರಿಗೆ ಸಲಹೆಗಾರ, ಧಾರವಾಡ:

ಮ್ಯಾಲಿನವರು ಹೇಳಿದ್ದು ದಂಡದ ಲೆಕ್ಕ. ಅದನ್ನ ಕಟ್ಟಿದ್ರ ಕ್ರಿಮಿನಲ್ ಕೇಸು ತಾನಾಗೇ ಬಿಟ್ಟುಹೋಗಂಗಿಲ್ರಿ ಅಕ್ಕಾರ. ಜಿಎಸ್‌ಟಿ ಕಾಯ್ದೆಯ 132ನೇ ಕಲಮಿನಾಗ ಹಿಂಗ ಎತ್ತಿದ ಕ್ರೆಡಿಟ್ ಎರಡರಿಂದ ಐದು ಕೋಟಿ ತನಕ ಇದ್ರ ಮೂರು ವರ್ಷದವರೆಗೆ ಜೈಲು ಅದ. ಐದು ಕೋಟಿ ದಾಟಿದ್ರ ಐದು ವರ್ಷ, ಅದು ಜಾಮೀನಿಲ್ಲದ ಅಪರಾಧ. ಕಂಪನಿ ತಪ್ಪು ಮಾಡಿದ್ರ 137ನೇ ಕಲಮು ವ್ಯವಹಾರ ನಡಸ್ತಿದ್ದವರನ್ನ ಹಿಡೀತದ. ಬ್ಯಾರೆ ಡೈರೆಕ್ಟರ್ ಒಪ್ಪಿಗೆಯಿಂದ ಇಲ್ಲಾ ನಿರ್ಲಕ್ಷ್ಯದಿಂದ ಆಗಿದ್ರ ಅವರನ್ನೂ. ಕಂಪನಿಯಿಂದ ತೆರಿಗೆ ವಸೂಲಾಗಲಿಲ್ಲ ಅಂದ್ರ 89ನೇ ಕಲಮಿನ ಪ್ರಕಾರ ಆ ಕಾಲದ ಎಲ್ಲಾ ಡೈರೆಕ್ಟರ್‌ಗಳಿಂದ ಕೇಳಬಹುದು. ತನ್ನ ಘೋರ ನಿರ್ಲಕ್ಷ್ಯ ಕಾರಣ ಅಲ್ಲ ಅಂತ ಡೈರೆಕ್ಟರೇ ತೋರಿಸಿಕೊಡಬೇಕು. ಹಂಗಾಗಿ "ಹೇಳಿದಲ್ಲಿ ಸಹಿ ಮಾಡಿದೆ" ಅನ್ನೋ ಮಾತನ್ನ ನಂಬಿಕೊಂಡು ಹೋಗಬ್ಯಾಡ್ರಿ, ಅದೇ ನಿರ್ಲಕ್ಷ್ಯ ಅಂದಾರು.

ನಿಮ್ಮ ಡಿಜಿಟಲ್ ಸಹಿಯ ಟೋಕನ್ ಎಲ್ಲದ? ಪೆನ್‌ಡ್ರೈವ್ ಹಂಗ ಇರತದ. ನಾ ನೋಡಿದ ಇಂಥ ಕೇಸಿನಾಗೆಲ್ಲಾ ಅದು ಹಿರಿಯರ ಡ್ರಾಯರಿನಾಗ, ಇಲ್ಲಾ ಅಕೌಂಟಂಟ್ ಹತ್ರ. ಇವತ್ತ ಇಸಗೊಳ್ರಿ, ಯಾವತ್ತು ಇಸಗೊಂಡ್ರಿ ಅಂತ ಬರದಿಡ್ರಿ. ಬ್ಯಾಂಕಿನಾಗ ಸಹಿ ಯಾರದು, ಸಭೆಯ ನಡಾವಳಿಯಾಗ ನೀವು ಹಾಜರಿದ್ರಿ ಅಂತ ಬರದಾರೇನು, ಇವಕ್ಕ ಕಾಗದ ಕೂಡಿಸ್ರಿ. ಕಂಪನಿ ರೊಕ್ಕ ನಿಮಗ ಬಂದಿಲ್ಲ ಅನ್ನಾಕ ನಿಮ್ಮ ಖಾತೆಯ ಸ್ಟೇಟ್‌ಮೆಂಟ್ ಬೇಕ. ರಾಜೀನಾಮೆ ಕೊಡಬಹುದು, ಆದರ ಇದ್ದ ಕಾಲದ ಹೊಣೆ ಅದರಿಂದ ಇಳಿಯಂಗಿಲ್ಲ. ಆದಾಯ ತೆರಿಗೆ ಇಲಾಖೆನೂ ಇದರ ಹಿಂದ ಬರಬಹುದು. 1961ರ ಕಾಯ್ದೆಯ 271ಎಎಡಿ ಕಲಮಿನಾಗ ಸುಳ್ಳು ನಮೂದು ಎಷ್ಟು ಮೊತ್ತದ್ದೋ ಅಷ್ಟ ದಂಡ ಅದ.

ಹಾವೇರಿಯ ಒಬ್ಬ ಅಕ್ಕ:

ನಾನೂ ನಮ್ಮ ಅಣ್ಣನ ಕಂಪನಿಯಾಗ ಹೆಸರಿಗೆ ಇದ್ದಾಕಿ. ಅಣ್ಣ ಬ್ಯಾಡ ಅಂದ ಅಂತ ಮೊದಲನೇ ಸಮನ್ಸಿಗೆ ಹೋಗಲಿಲ್ಲ. ಎರಡನೇದಕ್ಕ ಹೋದಾಗ ಮೊದಲು ಕೇಳಿದ್ದ ಅದನ್ನ. ನೀವು ಹೋಗ್ರಿ. ಆ ದಿನ ಆಗದಿದ್ರ ಬ್ಯಾರೆ ತಾರೀಖು ಕೇಳಿ ಅರ್ಜಿ ಕೊಟ್ಟು, ಸ್ವೀಕೃತಿ ತಗೊಳ್ರಿ. ನನ್ನ ಹನ್ನೊಂದರಿಂದ ಸಂಜಿ ಐದರ ತನಕ ಕುಂದರಿಸಿದ್ರು, ವಕೀಲರು ಹೊರಗ ಇದ್ರು. ಹೇಳಿಕೆ ಇಂಗ್ಲಿಷಿನಾಗ ಟೈಪ್ ಮಾಡಿದ್ರು. ಕನ್ನಡದಾಗ ಓದಿ ಹೇಳ್ರಿ, ಇಲ್ಲಂದ್ರ ಸಹಿ ಮಾಡಂಗಿಲ್ಲ ಅಂದೆ. ಓದಿದಾಗ "ಬಿಲ್ ಸುಳ್ಳು ಅಂತ ನನಗ ಗೊತ್ತಿತ್ತು" ಅಂತ ಒಂದು ಸಾಲು ಇತ್ತು, ನಾ ಹಂಗ ಅಂದಿದ್ದಿಲ್ಲ. ತಿದ್ದಿಸಿದ ಮ್ಯಾಲ ಸಹಿ ಹಾಕಿದೆ. ಕೈ ನಡಗ್ತಿತ್ತು. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ರಿ. ಆದರ ಗೊತ್ತಿದ್ದದ್ದನ್ನ ಮುಚ್ಚಿ ಸುಳ್ಳು ಹೇಳಬ್ಯಾಡ್ರಿ, ಆ ವಿಚಾರಣೆ ನ್ಯಾಯಾಲಯದ ನಡಾವಳಿ ಇದ್ದಂಗ.

ಅಣ್ಣ ಎರಡು ವರ್ಷ ಪಂಚಮಿಗೆ ಕರೀಲಿಕ್ಕೆ ಬರಲಿಲ್ಲ. ಅದು ಇನ್ನೂ ನೋಯತೈತಿ, ಆದರೂ ಖರೇನ ಹೇಳಿದ್ದಕ್ಕ ಪಶ್ಚಾತ್ತಾಪ ಇಲ್ಲ.

ಹುಬ್ಬಳ್ಳಿಯ ವಕೀಲರ ಗುಮಾಸ್ತ:

ಸೆಟ್ಲ್ ಮಾಡಸ್ತೀನಿ ಅನ್ನಾಂವಗ ರೊಕ್ಕ ಮುಟ್ಟಿಸಬ್ಯಾಡ್ರಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದಮ್ಯಾಲ ಲಂಚ ಕೊಟ್ಟವರಿಗೂ ಏಳು ವರ್ಷದ ತನಕ ಶಿಕ್ಷೆ ಐತಿ. ಮತ್ತ ಕಾಕಾಗ, ನಿಮಗ ಒಬ್ಬರ ವಕೀಲರು ಬ್ಯಾಡ. ನಾಳೆ ಅವರ ಮಾತು ಒಂದು, ನಿಮ್ಮದೊಂದು ಆದಾಗ ಆ ವಕೀಲರು ಯಾರ ಕಡೆ ನಿಲ್ಲಬೇಕು? ಬಂಧನದ ಹೆದರಿಕೆ ಇದ್ರ ಜಾಮೀನಿನ ಬಗ್ಗೆ ನಿಮ್ಮ ವಕೀಲರನ್ನ ಈಗಲೇ ಕೇಳ್ರಿ, ಧಾರವಾಡದಾಗ ಹೈಕೋರ್ಟ್ ಪೀಠ ಐತಿ, ಬೆಂಗಳೂರಿಗೆ ಓಡೂದು ಬೇಕಾಗಿಲ್ಲ.

ಕೇಳಿದವರು, ಹುಬ್ಬಳ್ಳಿ:

ಟೋಕನ್ ಅಕೌಂಟಂಟರ ಹತ್ರನ ಇತ್ರಿ. ಇವತ್ತ ಮಧ್ಯಾಹ್ನ ನಮ್ಮ ಮನೆಯವರು ಹೋಗಿ ತಂದ್ರು. ಕಾಕಾ ಸಿಟ್ಟಾಗ್ಯಾರ, ಕಾಕು ಫೋನ್ ಎತ್ತವಲ್ರು. ಬ್ಯಾರೆ ವಕೀಲರ ಕಡೆ ನಾಳೆ ಹೋಗೂದದ. ಸೋಮವಾರ ಸಮನ್ಸಿಗೆ ನಾನ ಹೋಗ್ತೀನಿ. ಹಾವೇರಿ ಅಕ್ಕಾರ, ನೀವು ತಿದ್ದಿಸಿದ ಆ ಹೇಳಿಕೆಯ ನಕಲು ನಿಮಗ ಕೊಟ್ಟಿದ್ರೇನು, ಕೇಳಿ ತಗೊಬೇಕೇನು?